ಹಿಂದಕ್ಕೆ ಒಂದು ಹಲ್ಲು

ಮುಂದಕ್ಕೆ ನಾಕೂ ಹಲ್ಲು ಸರಿ ಅದಾವು ವಲಿ,
ಹಿಂದಕ್ಕಿರೋದು ಒಂದೇ, ಅದೇ ಕೈ ಕೊಟ್ಟೈತಿ
ಅಂದಳು ಸುಂಕಮ್ಮಕ್ಕ,
ಊರುಗೋಲನ್ನು ಟ್ಯಾಂಕಿನ ಮೇಲೆ ಅಡ್ಡ ಇಟ್ಟು.

ಮೂರು ಗಾಲಿ. ಮುಂದೆ ನೂರು ಸಿಸಿಯ ಹಳೇ ಬೈಕು,
ಹಿಂದೆ ಗುಂತಕಲ್ಲಿನ ವೆಲ್ಡರ್ ಒಬ್ಬ ಕೂಡಿಸಿದ ಅಚ್ಚು,
ನಡುವೆ ಡಬರಿ ಗಾತ್ರದ ಪೆಟ್ಟಿಗೆ.
ತೊಡೆ ಪಕ್ಕದ ಸರಳು ಎಳೆದರೆ ಗಾಡಿ ಹಿಂದಕ್ಕೆ ಹೋಗಬೇಕು.
ಕರ್ ಅನ್ನುತ್ತದೆ, ಕಚ್ಚುತ್ತದೆ, ಎರಡು ಗೇಣು ಜರುಗಿ
ಟಣ್ ಅಂತ ಬಿಟ್ಟುಬಿಡುತ್ತದೆ,
ಬೋಡುಬಾಯಿ ಮುದುಕ ಕಬ್ಬು ಬಿಟ್ಟ ಹಾಗೆ.

ಕೌಲ್ ಬಜಾರಿನಲ್ಲಿ ಅವಳ ಸಂದಿ ನಾಕೂವರೆ ಅಡಿ.
ಗಾಡಿ ನಾಕಡಿ ಒಂದಂಗುಲ.
ಜೀನ್ಸ್ ಪ್ಯಾಂಟಿನ ಕಟ್ಟು ಹೊತ್ತು ಒಳಗೆ ಹೋದದ್ದು
ತಿರುಗಲಾರದು, ಹೋದ ಹಾಗೇ ಹೊರಗೆ ಬರಬೇಕು.
ಮೂರು ದಿನದಿಂದ ಓಣಿಯ ಹುಡುಗರು ನೂಕುತ್ತಿದ್ದಾರೆ.
"ನೂಕ್ತಾರಂತ ಸಿಟ್ಟಲ್ಲ ನನಗೆ.
ನೂಕುವಾಗ ಹಾಡ್ತಾವು."

ಮೊದಲು ಕೇಬಲ್ ನೋಡಿದೆ.
ಅಗ್ಗದ್ದು ಮೊದಲು ನೋಡು, ಆಮೇಲೆ ಹೊಟ್ಟೆ ಕೊಯ್ಯಿ
ಅಂತ ನಮ್ಮ ಉಸ್ತಾದ್ ಹೇಳಿದ್ದು.
ಅಕ್ಕಿಕಾಳಿನಷ್ಟು ಸಡಿಲಿತ್ತು, ನಟ್ಟು ಎರಡು ಸುತ್ತು ಬಿಗಿದೆ.
ಕರ್. ಟಣ್.
ಎಣ್ಣೆ ಇಳಿಸಿದೆ ಬಾಂಡ್ಲಿಗೆ, ಉಕ್ಕಿನ ಚೂರಿಗಾಗಿ
ಅಯಸ್ಕಾಂತ ಆಡಿಸಿದೆ. ಇಲ್ಲ.
ಕೈಜಾರಿ ನೆಲಕ್ಕೆ ಬಿದ್ದಾಗ ಮಾತ್ರ ಅದಕ್ಕೆ ಕೆಂಪು ಮೀಸೆ ಬಂತು,
ಅದಿರು ಲಾರಿಗಳು ಉದುರಿಸಿ ಹೋದ ಧೂಳು.
ಈ ಊರಿನಲ್ಲಿ ಅಯಸ್ಕಾಂತಕ್ಕೆ ಬೀದಿಯೇ ಅಂಟುತ್ತದೆ.

ಆಮೇಲೆ ತಪ್ಪು ಮಾಡಿದೆ. ಪೆಟ್ಟಿಗೆ ಬಿಚ್ಚಿದೆ.
ಎಂಟು ಬೋಲ್ಟು, ಒಂದು ನನ್ನ ಅವಸರಕ್ಕೆ ಮುರಿಯಿತು.
ಒಳಗೆ ಫೋರ್ಕು ನೆಟ್ಟಗಿದೆ, ಹಲ್ಲುಗಳ ಮೂಲೆ ತುಸು ಸವೆದಿದೆ,
ಅಷ್ಟಕ್ಕೇ ಕಚ್ಚಿದ್ದು ಬಿಡುವಂಥದ್ದಲ್ಲ.
ಗುಂಡು ಒತ್ತುವ ಸ್ಪ್ರಿಂಗನ್ನು ಸುಮ್ಮಸುಮ್ಮನೆ ಬೈದು
ಹೊಸದು ಹಾಕಿ ಮುಚ್ಚಿದೆ.
ಹೊತ್ತು ನೆತ್ತಿ ದಾಟಿತ್ತು. ಕೋಟೆ ಗುಡ್ಡದ ಬಂಡೆ ಕಾದು
ನಮ್ಮ ತಗಡಿನ ಶೆಡ್ಡಿಗೂ ಸಾಲ ಕೊಡುತ್ತಿತ್ತು ಬಿಸಿ.
ಕರ್.
ಟಣ್.

"ಬದುಕಿಗೆ ರಿವರ್ಸ್ ಗೇರ್ ಇಲ್ಲ, ಆಟೋ ಹಿಂದೆ ಬರೆದಿರ್ತಾರಲ್ಲ"
ಪಂಕ್ಚರ್ ಅಂಗಡಿಯ ದುರುಗಪ್ಪ ಬೇಕಂತಲೇ ಎತ್ತಿದ.
ಅವಳು ಚಹಾ ಊದುತ್ತ,
"ಅದನ್ನ ಬರೆದವನ ಮನಿ ಮೇನ್ ರೋಡಿಗೆ ಇರಬೇಕು."

ಲೋಟ ಇಟ್ಟು ಇಳಿದಳು, ಸೀಟಿನಿಂದ ನೆಲಕ್ಕೆ,
ಕೂತಲ್ಲೇ ಸರಿದು ಗಾಡಿಯಡಿಗೆ ಮುಖ ಹಾಕಿ
"ನೀ ಸರಳು ಎಳಿ, ನಾ ನೋಡ್ತೀನಿ."
ಎಳೆದೆ.
"ಇನ್ನೊಮ್ಮೆ. ತಡಿ. ಅದು ಪೂರ್ತಿ ಬರವಲ್ದು.
ಒಂದು ಹೊಲಿಗಿ ಕಡಿಮಿ ಐತಿ."
ನಾನು ಬೆಳಿಗ್ಗೆಯಿಂದ ಕೇಳುತ್ತಿದ್ದೆ, ನೋಡಿರಲಿಲ್ಲ.

ರಬ್ಬರ್ ಟೊಪ್ಪಿಗೆ ಸರಿಸಿ ಬೆರಳು ತೂರಿಸಿ
ಎಳೆದಳು, ಎಳೆದಳು, ಎಳೆಯುತ್ತಲೇ ಇದ್ದಳು.
ಕಿತ್ತಳೆ ನೂಲು.
ಜೀನ್ಸಿನ ಜೇಬಿಗೆ ಎರಡು ಸಾಲು ಬೀಳುವ ಅದೇ ನೂಲು
ಎಣ್ಣೆ ಕುಡಿದು, ಧೂಳು ತಿಂದು,
ಸನ್ನೆಯ ಬುಡಕ್ಕೆ ಸುತ್ತಿ ಸುತ್ತಿ ಕರಿ ಉಂಡೆಯಾಗಿ
ದಾರಿಗೆ ಅಡ್ಡ ಕೂತಿತ್ತು.

"ನಂದೇ" ಅಂದಳು. ಬೇರೇನೂ ಅನ್ನಲಿಲ್ಲ.
ನೂಲು ಅವಳದು, ಮುರಿದ ಬೋಲ್ಟು ನನ್ನದು,
ಸ್ಪ್ರಿಂಗಿನ ಅರವತ್ತು ರೂಪಾಯಿ ಯಾರದು ಅಂತ
ಸ್ವಲ್ಪ ಹೊತ್ತು ಜಗಳವಾಯಿತು.

ಪರೀಕ್ಷೆ ಸಂದಿಯಲ್ಲೇ ಆಗಬೇಕಂತೆ. ಹೋದೆ.
ಹುಡುಗರು ಓಡಿ ಬಂದರು, ಹಾಡು ತುಟಿಯಲ್ಲೇ ಇತ್ತು.
ಕೈಯೆತ್ತಿ ನಿಲ್ಲಿಸಿ, ಸರಳು ಎಳೆದಳು.
ಕಟ್.
ಕತ್ತು ತಿರುಗಿಸಿ, ಎಡಕ್ಕೆ ಮೂರು ಬೆರಳು, ಬಲಕ್ಕೆ ಮೂರು ಬೆರಳು ಬಿಟ್ಟು
ಗೋಡೆಗಳ ನಡುವೆ ಹಿಂದಕ್ಕೆ ಹೋದಳು,
ಒಬ್ಬಳೇ, ನಿಧಾನ, ಒಮ್ಮೆಯೂ ಉಜ್ಜದೆ.

ಎಂಟನೇ ಬೋಲ್ಟಿಲ್ಲದ ತೂತಿನಿಂದ ಎಣ್ಣೆ
ಹನಿಹನಿ ಬಿದ್ದಿತ್ತು ಸಂದಿಯುದ್ದ,
ಟಾಕು ಹಾಕಿದ ಹಾಗೆ.
ನಾಳೆ ಬಾ ಅಕ್ಕಾ ಅಂತ ಕೂಗಿದೆ.
ಕೇಳಿಸಲಿಲ್ಲವೋ,
ಕೇಳಿಸಿ, ಇವತ್ತಿಗೆ ಬೇಡ ಅನ್ನಿಸಿತೋ.