ಮೂರು ಸಲ ಕೆಂಪು

ಕಾಟನ್‌ಪೇಟೆಯ ಬೈಂಡಿಂಗ್ ಅಂಗಡಿಯಲ್ಲಿ
ದಿನವಿಡೀ ಮೈದಾ ಅಂಟು ಕಲಸುವ ಬೆರಳಿಗೆ
ಗೆರೆಗಳು ಉಳಿದಿಲ್ಲ.
ಫೋನು ಹೇಳುತ್ತದೆ: ಮತ್ತೊಮ್ಮೆ ಒತ್ತಿ.
ಒತ್ತುತ್ತೇನೆ. ಮತ್ತೊಮ್ಮೆ.
ಸೆರಗಿಗೆ ಒರೆಸಿಕೊಂಡು ಮತ್ತೂ ಒಮ್ಮೆ.
ಆಧಾರಿನವರೂ ಹೀಗೇ ಗೋಳು ಹೊಯ್ದುಕೊಂಡಿದ್ದರು.
ನಾನೇ ಕಣಯ್ಯಾ ಎಂದರೆ
ನಂಬುವ ಜಾತಿಯದಲ್ಲ ಇದು.
ಕೊನೆಗೆ ಪಾಸ್‌ವರ್ಡ್ ಕೇಳುತ್ತದೆ, ಕೊಡುತ್ತೇನೆ.
ಆರಂಕಿ ಕೇಳುತ್ತದೆ,
ಮೂವತ್ತು ಸೆಕೆಂಡಿಗೆ ಹಳಸಿಹೋಗುವ ಆರಂಕಿ,
ಅದನ್ನೂ.

ಆಮೇಲೆ ಕುರುಬರಹಳ್ಳಿಯ ಎರಡನೇ ಮಹಡಿ
ಅಂಗೈಗೆ ಬಂದು ಕೂರುತ್ತದೆ.

ಇದನ್ನೆಲ್ಲ ಕಟ್ಟಿಕೊಟ್ಟವನು ಎಸ್.ಪಿ. ರೋಡಿನ ಸಾದಿಕ್.
ಮನೆಯ ಕಂಪ್ಯೂಟರಲ್ಲಿ ಗಿರಾಕಿಗಳ ಪುಟಗಳಿವೆ,
ಅಂಗಡಿಯಿಂದಲೇ ತೆಗೆಯಬೇಕು ಎಂದಿದ್ದೆ.
"ಬೀದಿಗೆ ಬಾಗಿಲು ಇಡಬೇಡಿ ಅಕ್ಕಾ,
ಇಟ್ರೆ ಊರೆಲ್ಲ ತಟ್ಟುತ್ತೆ.
ಒಂದು ಸುರಂಗ ತೋಡ್ತೀನಿ.
ಈ ತುದಿ ಫೋನು, ಆ ತುದಿ ಮನೆ,
ನಡುವೆ ಹೋಗೋದು ಯಾರ ಕಣ್ಣಿಗೂ ಬೀಳಲ್ಲ."
ಕ್ಯಾಮೆರಾದ ಬೆನ್ನಿಗೆ ಅಂಟಿಸಿದ್ದ
ಕಂಪನಿಯವರ ಪಾಸ್‌ವರ್ಡ್ ಕಂಡು ನಕ್ಕ:
"ಇದು ಚಾಪೆ ಕೆಳಗೆ ಬೀಗದ ಕೈ ಇಟ್ಟ ಹಾಗೆ."
ಚಹಾ ಕುಡಿದ. ಎರಡು ಸಾವಿರದ ಮುನ್ನೂರು ತಗೊಂಡ.
ಹೊಸದನ್ನು ನಾನೇ ಒತ್ತುವಾಗ
ಗೋಡೆಯ ಕಡೆ ಮುಖ ಮಾಡಿ ನಿಂತ.
ಅಷ್ಟು ಮರ್ಯಾದೆಯಿಂದ ಯಾವ ಗಂಡಸೂ
ನನಗೆ ಬೆನ್ನು ತೋರಿಸಿರಲಿಲ್ಲ.

ಬದಲಾಯಿಸಿದ್ದು ಅದೊಂದೇ ಅಲ್ಲ.
ಕದದ ಅಂಕಿಬೀಗದಲ್ಲಿ
ನಮ್ಮ ಮದುವೆಯ ತಾರೀಖಿತ್ತು.

ಇವತ್ತು ಮೆಜೆಸ್ಟಿಕ್ಕಿನಲ್ಲಿ ರೈಲು ಹತ್ತಿ
ಕಂಬಕ್ಕೆ ಒರಗಿದ್ದೆನಷ್ಟೆ, ಫೋನು ನಡುಗಿತು:
ಬಾಗಿಲಲ್ಲಿ ಯಾರೋ ಇದ್ದಾರೆ.

ದಿನಾ ಹೀಗೇ ಹೇಳುತ್ತದೆ.
ಬೆಕ್ಕು ಬಂದರೂ ಯಾರೋ,
ಗ್ಯಾಸಿನವನ ನೆರಳೂ ಯಾರೋ,
ಪಕ್ಕದ ಮನೆ ಪಾರಿಜಾತಮ್ಮ ಒಣಹಾಕಿದ ಲುಂಗಿ
ಗಾಳಿಗೆ ಹಾರಿದರೂ ಯಾರೋ.

ತೆರೆದು ನೋಡಿದರೆ ನಂಜೇಶ.

ಮೂರು ವರ್ಷದಲ್ಲಿ ನೆತ್ತಿ ಬಯಲಾಗಿದೆ.
ಕ್ಯಾಮೆರಾ ಮೇಲಿನಿಂದ ನೋಡುವುದರಿಂದ
ಮೊದಲು ಕಂಡದ್ದು ಅದೇ.
ಕೈಯಲ್ಲಿ ಬಟ್ಟೆ ಅಂಗಡಿಯ ಹಳದಿ ಚೀಲ.
ಬೆಲ್ ಒತ್ತಲಿಲ್ಲ.
ನೇರ ಅಂಕಿಗಳಿಗೇ ಕೈ ಹಾಕಿದ.
ಬೆರಳು ಹೋದ ದಾರಿಯಲ್ಲೇ ತಿಳಿಯಿತು,
ಆ ತಾರೀಖು.
ಕೆಂಪು.
ಮತ್ತೆ, ನಿಧಾನವಾಗಿ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.
ಕೆಂಪು.

ಜೊತೆಗಿದ್ದಾಗ ಒಂದು ವರ್ಷವೂ
ಆ ದಿನ ನೆನಪಾದದ್ದಿಲ್ಲ ಇವನಿಗೆ.

ಚಿತ್ರದ ಅಡಿಯಲ್ಲಿ ಹಸಿರು ಗುಂಡಿ: ತೆರೆಯಿರಿ.
ಹೆಬ್ಬೆರಳು ಅದರ ಮೇಲಿತ್ತು.
ಒತ್ತಲೆಂದೇ ಇತ್ತು ಎನ್ನಲಾರೆ,
ಅಲ್ಲ ಎಂದೂ.
ಅಷ್ಟರಲ್ಲಿ ನೆಲದಡಿಯಲ್ಲಿ ಸಿಗ್ನಲ್ ಹೋಯಿತು.
ಒಂದು ಚಕ್ರ ಸುತ್ತತೊಡಗಿತು.
ಮೂರನೇ ಸಲಕ್ಕೆ ಬೆರಳೆತ್ತಿದ ನಂಜೇಶ
ಹಾಗೇ ನಿಂತ.
ಸಾದಿಕ್ ತೋಡಿದ ಸುರಂಗ
ಈ ಸುರಂಗದೊಳಗೆ ಮುಚ್ಚಿಕೊಂಡಿತ್ತು.
ಎದುರು ಸೀಟಿನ ಮಗು ನನ್ನನ್ನೇ ನೋಡುತ್ತಿತ್ತು.
ಫೋನು ತಿರುಗಿಸಿ ಎದೆಗೊತ್ತಿಕೊಂಡೆ.

ಶ್ರೀರಾಂಪುರದ ಹತ್ತಿರ ರೈಲು ಸಂಜೆಬಿಸಿಲಿಗೆ ಬಂದಾಗ
ಮತ್ತೆ ಮೊದಲಿನಿಂದ ಶುರು:
ನೀವು ನೀವೇನಾ? ಪಾಸ್‌ವರ್ಡ್. ಆರಂಕಿ.
ಎಲ್ಲ ಕೊಟ್ಟೆ.
ಮೆಟ್ಟಿಲು ಖಾಲಿ.
ಬಾಗಿಲ ಹಿಡಿಗೆ ಹಳದಿ ಚೀಲ ತೂಗುತ್ತಿತ್ತು.

ಒಳಗೆ ಸೊಗಡಿನ ಅವರೆಕಾಯಿ, ಒಂದು ಕೇಜಿ ಇರಬಹುದು.
ಚೀಟಿ ಗೀಟಿ ಏನಿಲ್ಲ.

ಸುಲಿಯುತ್ತ ಕಂಪ್ಯೂಟರಿನಲ್ಲಿ ದಾಖಲೆ ತೆರೆದೆ:
ಐದು ಹದಿನೇಳು. ತಪ್ಪು ಅಂಕಿ. ಮೂರು ಸಲ.
ಹೆಸರಿನ ಜಾಗದಲ್ಲಿ: ಅಪರಿಚಿತ.
ಮೂವತ್ತು ದಿನ ಇಟ್ಟುಕೊಂಡು
ತಾನೇ ಅಳಿಸಿಹಾಕುತ್ತದಂತೆ.
ಜಾಗ ಸಾಲದೆ ಹೋದರೆ ಇನ್ನೂ ಬೇಗ, ಎಂದಿದ್ದ ಸಾದಿಕ್.

ಅವರೆಯ ಸೊಗಡು ಬೆರಳಿಗೆ ಹತ್ತಿದೆ.
ಇನ್ನು ಈ ಫೋನು ನನ್ನ ಗುರುತು ಹಿಡಿದ ಹಾಗೇ.