ಜಾಮೀನು

ದುರ್ಗಿಗುಡಿ ಬ್ರಾಂಚಿನ ಕಿಣಿ ಮ್ಯಾನೇಜರು
ಮುಖ ನೋಡುತ್ತಿರಲಿಲ್ಲ,
ಸಹಿಯ ಬಾಲ ನೋಡುತ್ತಿದ್ದರು.
ಮುನೀರಾ ಎಂದು ಬರೆವಾಗ
ಕೊಂಬು ಸೊಟ್ಟಗಾಯಿತೆಂದು
ನನ್ನದೇ ಮುನ್ನೂರು ರೂಪಾಯಿ
ನನಗೆ ಕೊಡದೆ ಕಳಿಸಿದ್ದರು.

ಈಗ ವಾರ್ಡಿಗೆ ನಿಂತಿದ್ದಾರೆ.
ಶಾಲಿನ ಕೆಳಗೆ ಅದೇ ಅರ್ಧತೋಳಿನ ಅಂಗಿ,
ಜೇಬಲ್ಲಿ ಅದೇ ಹಸಿರು ಪೆನ್ನು.
ಹೊಲಿಗೆ ಅಂಗಡಿ ಮೆಟ್ಟಿಲಲ್ಲಿ ಕೈಮುಗಿದು ನಕ್ಕರು.
ಹೊಸ ನಗು,
ಇನ್ನೂ ಪಟ್ಟಿ ಬಿಚ್ಚದ ನೋಟಿನ ಕಟ್ಟಿನ ಹಾಗೆ.

"ಒಂದು ವೋಟು, ಅಕ್ಕ. ಐದು ವರ್ಷ ನಂಬಿ."

ಟೇಪು ಕೊರಳಿಗೆ ಹಾಕಿಕೊಂಡೆ.
"ಇಬ್ಬರ ಜಾಮೀನು ಬೇಕಾಗುತ್ತಲ್ಲ, ಸಾರ್."

ಬಾವುಟ ಹಿಡಿದ ಹುಡುಗರು ಹೋ ಎಂದರು.
ಕಿಣಿಯವರು ನಗಲಿಲ್ಲ.
ಮೂವತ್ತೈದು ವರ್ಷದ ಅಭ್ಯಾಸ;
ಕನ್ನಡಕ ಮೇಲೇರಿಸಿ, ಹಿಂದಕ್ಕೆ ತಿರುಗಿ,
ಒಬ್ಬೊಬ್ಬರನ್ನೇ ನೋಡಿದರು,
ಯಾರು ನಿಂತಾರೆಂದು.