ಇನ್ನೂರನಲವತ್ತು

ಕನ್ನಡದ ಫಾರ್ಮು ಮುಗಿದಿದೆ ಎಂದರು.
ಮಲಯಾಳದ್ದು ಕೊಟ್ಟರು, ನಾಲ್ಕು ಪುಟ.
ನೆಬೀಸ ಓದುತ್ತಾ ಹೋದಳು, ನಾನು ಹೇಳುತ್ತಾ ಹೋದೆ.
ಹೆಸರು ಪೂವಮ್ಮ. ಊರು ಕುಂಬಳೆಯಿಂದ ಒಳಗೆ, ಸೀತಾಂಗೋಳಿ ರಸ್ತೆ.
ಕೆಲಸ ಗೇರುಬೀಜದ್ದು, ಹತ್ತೊಂಬತ್ತು ವರ್ಷ,
ಮೊದಲು ಸಿಪ್ಪೆ ತೆಗೆಯುವ ಸಾಲು, ಆಮೇಲೆ ಗ್ರೇಡಿಂಗ್ ಮೇಜು.
ಕೆಲಸ ಹೋದದ್ದು ಯಾಕೆ?

ಅದಕ್ಕೆ ಎರಡು ಬೆರಳಗಲ ಜಾಗ ಬಿಟ್ಟಿದ್ದರು.

ಏನೆಂದು ಬರೆಸಲಿ ಅಷ್ಟರಲ್ಲಿ?
ನಮ್ಮ ಗುಡ್ಡದ ಬೀಜ ಎರಡು ತಿಂಗಳಿಗೂ ಸಾಲುತ್ತಿರಲಿಲ್ಲ,
ಉಳಿದ ತಿಂಗಳುಗಳ ಗಂಜಿ ಹಡಗಿನಲ್ಲೇ ಬರುತ್ತಿತ್ತು.
ಗೋಣಿಯ ಮೇಲೆ ಇಂಗ್ಲಿಷ್ ಅಲ್ಲದ ಇಂಗ್ಲಿಷ್ ಅಕ್ಷರ,
ಒಳಗೆ ಬೀಜದ ಜೊತೆ ಯಾವುದೋ ಊರಿನ ಕೆಂಪು ಹುಡಿಮಣ್ಣು,
ಒಂದು ಸಲ ಒಂದು ಅಂಗಿಯ ಗುಂಡಿ.
ಅದನ್ನು ನನ್ನ ರವಿಕೆಗೆ ಹೊಲಿದುಕೊಂಡೆ,
ಈಗಲೂ ಅದೇ ರವಿಕೆ.

ಆ ಗೋಣಿ ಈಗ ಬೇರೆ ಕಡಲಿಗೆ ತಿರುಗುತ್ತದಂತೆ.
ಅಲ್ಲಿ ಮಷೀನು ಒಡೆಯುತ್ತದೆ, ಮಷೀನು ಸುಲಿಯುತ್ತದೆ,
ಬಿಳಿ ತಿರುಳಾಗಿ ನಮ್ಮ ಪೇಟೆಗೇ ಬರುತ್ತದೆ
ನಮ್ಮ ಕೂಲಿಗಿಂತ ಕಡಿಮೆ ಕ್ರಯಕ್ಕೆ.
‘ಇಷ್ಟೆಲ್ಲ ಹಿಡಿಸುವುದಿಲ್ಲ, ಪೂವಕ್ಕ’ ಎಂದಳು ನೆಬೀಸ.
ವಿದೇಶಿ ವ್ಯಾಪಾರ, ಎಂದು ಬರೆದಳು.
ಅಷ್ಟಕ್ಕೇ ಜಾಗ ತುಂಬಿತು.

ವಿದ್ಯಾನಗರದ ಆಫೀಸಿನ ಗುಮಾಸ್ತ ಕೊಲ್ಲಂ ಕಡೆಯ ಹುಡುಗ.
ನಮ್ಮ ಬೆರಳಿನ ಕಪ್ಪು ಕಂಡು ಪೆನ್ನು ಕೆಳಗಿಟ್ಟ.
ಸೊನೆ ತಿಂದ ಚರ್ಮ, ಯಾವ ಸೋಪಿಗೂ ಬಗ್ಗುವುದಿಲ್ಲ.
‘ನನ್ನ ಅಮ್ಮನ ಕೈಯೂ ಹೀಗೇ’ ಎಂದ ಅವನ ಭಾಷೆಯಲ್ಲಿ,
ಅದು ನನಗೆ ನೆಬೀಸ ಹೇಳುವ ಮೊದಲೇ ತಿಳಿಯಿತು.
ಆಮೇಲೆ ಹಾಜರಿ ಪುಸ್ತಕ ಬಿಡಿಸಿ
ತಿಂಗಳು ತಿಂಗಳು ಕೂಡಿಸಿದ. ಮತ್ತೊಮ್ಮೆ ಕೂಡಿಸಿದ.
ಇನ್ನೂರ ಮೂವತ್ತೊಂದು ದಿನ.
ಸಹಾಯಧನಕ್ಕೆ ಇನ್ನೂರನಲವತ್ತು ಬೇಕು.

ನನಗೆ ನಗು ಬಂತು, ಅವನಿಗೆ ಯಾಕೆಂದು ಗೊತ್ತಾಗಲಿಲ್ಲ.
ತಮ್ಮಾ, ಹತ್ತು ವರ್ಷ ನಾನು ಎಣಿಸಿದ್ದು ಅದನ್ನೇ.
ಪೌಂಡಿಗೆ ನೂರೆಂಬತ್ತು ತೂಗುವ ದೊಡ್ಡ ಬೀಜ ಒಂದು ಡಬ್ಬಿಗೆ,
ಮುನ್ನೂರಿಪ್ಪತ್ತರದ್ದು ಇನ್ನೊಂದಕ್ಕೆ,
ನಡುವೆ ಇನ್ನೂರನಲವತ್ತು.
ನಮ್ಮ ಮೇಜಿನಲ್ಲಿ ಇನ್ನೂರ ಮೂವತ್ತೊಂದು ಬಿದ್ದರೂ
ಆ ಡಬ್ಬಿಗೇ ಹೋಗುತ್ತದೆ,
ಯಾವ ದೇಶದ ಸಾಹುಕಾರನೂ ಅದನ್ನು ವಾಪಸು ಕಳಿಸಿದ್ದಿಲ್ಲ.

ಆ ಒಂಬತ್ತು ದಿನ ಎಲ್ಲಿ ಹೋಯಿತು ಎಂದು ಕೇಳಿದ.
ಎಲ್ಲೂ ಹೋಗಿಲ್ಲ, ಗೇಟಿನ ಹೊರಗೇ ಇತ್ತು.
ಹಡಗು ಮಂಗಳೂರಿಗೆ ಮುಟ್ಟಿರಲಿಲ್ಲ,
ದಿನವೂ ಬುತ್ತಿ ಹಿಡಿದು ಬಂದೆವು, ದಿನವೂ ಹಿಂದೆ ಹೋದೆವು.
ಗೋಡೌನು ಗುಡಿಸಲು ನಾಲ್ಕು ಜನ ಸಾಕು ಎಂದ ಮೇಸ್ತ್ರಿ.
ನೆಬೀಸಳ ಗಂಡ ಆಗ ಮಲಗಿದಲ್ಲೇ.
ಅವಳ ಬೆನ್ನಿಗೆ ಕೈ ಇಟ್ಟು ಮುಂದೆ ದೂಡಿದ್ದು ನಾನೇ.

ಅವಳದ್ದು ಸರಿಯಾಗಿ ಇನ್ನೂರನಲವತ್ತು.
ಮೊಹರು ಬಿತ್ತು. ಅವಳು ಕಾಗದ ಮಡಚಿ,
ಬಿಡಿಸಿ, ಮತ್ತೆ ಮಡಚಿ,
ನನ್ನ ಮುಖ ನೋಡಲಿಲ್ಲ.
ಬಸ್ಸಿನಲ್ಲಿ ಎರಡು ಟಿಕೆಟು ಅವಳೇ ತೆಗೆದಳು.
ಮೊಗ್ರಾಲು ಸೇತುವೆ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ.
‘ಮೇಲಿನವರಿಗೆ ಅರ್ಜಿ ಹಾಕಬಹುದಂತೆ’ ಎಂದಳು ಆಮೇಲೆ.
ಹಾಕುವ, ಎಂದೆ.
ಅದಾದರೂ ಕನ್ನಡದಲ್ಲಿ ಸಿಗುತ್ತದೋ ಕೇಳು.

ಕುಂಬಳೆ ಪೇಟೆಯಲ್ಲಿ ಇಳಿದು ಬೆಲ್ಲಕ್ಕೆ ಅಂಗಡಿ ಹೊಕ್ಕೆವು.
ಗಾಜಿನ ಭರಣಿಯಲ್ಲಿ ಮಷೀನಿನ ಬೀಜ,
ಒಂದಕ್ಕೂ ಗೀರಿಲ್ಲ, ಒಂದಕ್ಕೂ ಉಗುರಿನ ಗುರುತಿಲ್ಲ.
ಚೀಟಿ ಅಂಟಿಸಿದ್ದ: ಗ್ರೇಡ್ ಇನ್ನೂರನಲವತ್ತು.
ಅಂಗೈಗೆ ನಾಲ್ಕು ಹಾಕಿಸಿಕೊಂಡೆ,
ಹೆಬ್ಬೆರಳಿನಲ್ಲಿ ಉರುಳಿಸಿದೆ.

‘ಇದು ಮುನ್ನೂರಿಪ್ಪತ್ತು’ ಎಂದೆ.
‘ಚೀಟಿ ತೆಗಿ.’